ಅಂಜಲ್ ಬೂತಾಯಿಯನ್ನು ತಿನ್ನುತ್ತದೆ: ಒಂದು ಪತ್ರಕ್ಕೆ ಸಂಪಾದಕರ ಉತ್ತರ

(ಬ್ರಹ್ಮಾವರದಿಂದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಬರೆದ ಪತ್ರದ ಮುಖ್ಯ ಭಾಗ ಇದು: 'ಉಕ್ರೇನ್ ವಿಷಯದಲ್ಲಿ ಭಾರತ ಇನ್ನೂ ನೇರವಾಗಿ ಮಾತಾಡಬೇಕಿತ್ತು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ದೇಶ ದೇಶಗಳ ನಡುವೆ ನೀತಿ ಎಲ್ಲಿಂದ ಬಂತು? ಅಲ್ಲಿರುವುದು ಲಾಭ ನಷ್ಟ ಮಾತ್ರ. ಸಮುದ್ರದಲ್ಲಿ ಅಂಜಲ್ ಬೂತಾಯಿಯನ್ನು ತಿನ್ನುತ್ತದೆ. ಅದು ತಪ್ಪು ಅಂತ ಯಾರೂ ಸಂಪಾದಕೀಯ ಬರೆಯುವುದಿಲ್ಲ. ನಿಮ್ಮ ಮನೆಯವರೇ ಯುದ್ಧದ ನಡುವೆ ಸಿಕ್ಕಿಬಿದ್ದಿದ್ದರೆ ಹೀಗೆ ಬರೆಯುತ್ತಿದ್ದಿರಾ?')

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕೊನೆಯ ಪ್ರಶ್ನೆ ಚುಚ್ಚಿತು. ಅದಕ್ಕೆ ಕೊನೆಗೇ ಬರುತ್ತೇನೆ. ಅದಕ್ಕೆ ನನ್ನ ಮನೆಯಲ್ಲೇ ಉತ್ತರ ಇದೆ. ಮೊದಲು ಮೀನಿನ ಮಾತು.

ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವುದಕ್ಕೆ ನಮ್ಮ ಹಿಂದಿನವರು ಮತ್ಸ್ಯನ್ಯಾಯ ಎಂದು ಹೆಸರಿಟ್ಟರು. ಕೌಟಿಲ್ಯನೂ ಆ ಮಾತು ಹೇಳಿದ್ದಾನೆ. ಆದರೆ ಲೋಕ ಹೀಗೇ ಇರಲಿ ಎಂದು ಅವನು ಹೇಳಲಿಲ್ಲ. ದಂಡ ಹಿಡಿಯುವವರು ಇಲ್ಲದಿದ್ದರೆ ಲೋಕ ಈ ಗತಿಗೆ ಬರುತ್ತದೆ ಎಂದ. ಅಷ್ಟು ಲೆಕ್ಕಾಚಾರದ ಮನುಷ್ಯನಿಗೂ ಅದು ತಪ್ಪಿಸಬೇಕಾದ ಗಂಡಾಂತರದ ಹೆಸರಾಗಿತ್ತು.

ದೇಶದೊಳಗೆ ದಂಡ ಹಿಡಿಯಲು ಸರ್ಕಾರ ಇದೆ, ದೇಶಗಳ ಮೇಲೆ ಯಾರಿದ್ದಾರೆ ಎಂದು ನೀವು ಕೇಳಬಹುದು. ಯಾರೂ ಇಲ್ಲ, ಒಪ್ಪಿದೆ. ಆದರೆ ಮೇಲೆ ಯಾರೂ ಇಲ್ಲದ ಜಾಗ ನಮ್ಮ ಕರಾವಳಿಯವರಿಗೆ ಹೊಸದಲ್ಲ ಅಲ್ವಾ? ಆಳಸಮುದ್ರಕ್ಕೆ ಹೋದ ಬೋಟು ದಿನಗಟ್ಟಲೆ ನೀರಿನ ಮೇಲೇ ಇರುತ್ತದೆ. ಅಲ್ಲಿ ಠಾಣೆಯೂ ಇಲ್ಲ, ಪಂಚಾಯಿತಿಯೂ ಇಲ್ಲ.

ಒಂದು ಮಳೆಗಾಲದಲ್ಲಿ, ಜೂನ್ ಜುಲೈಯ 61 ದಿನದ ರಜೆಗೆ ಬೋಟುಗಳೆಲ್ಲ ದಡದಲ್ಲಿ ಕಟ್ಟಿದ್ದಾಗ, ಮಲ್ಪೆ ಬಂದರಿನಲ್ಲಿ ಬೋಟು ನಡೆಸುವ ಒಬ್ಬ ತಾಂಡೇಲರ ಪಕ್ಕ ಕೂತಿದ್ದೆ. ಅವರು ಬಲೆ ಸರಿಮಾಡುತ್ತಿದ್ದರು. ಕಾಲಿನ ಹೆಬ್ಬೆರಳಿಗೆ ಬಲೆಯ ಕಣ್ಣು ಸಿಕ್ಕಿಸಿಕೊಂಡಿದ್ದರು. ಕೈಯಲ್ಲಿ ನೈಲಾನ್ ದಾರ ಸುತ್ತಿದ ಸೂಜಿ. 'ಬೋಟಿಗೆ ನೀರು ನುಗ್ಗಿದೆ ಅಂತ ವಯರ್‌ಲೆಸ್‌ನಲ್ಲಿ ಕೂಗು ಬಂದ್ರೆ ಏನು ಮಾಡ್ತೀರಿ?' ಎಂದು ಕೇಳಿದೆ. 'ಬಲೆ ಬಿಟ್ಟಿದ್ರೆ ಎಳೀತೇವೆ. ಹೊತ್ತಿಲ್ಲದಿದ್ರೆ ಕಡಿದು ಹೋಗ್ತೇವೆ' ಎಂದರು. 'ಕೇರಳದ ಬೋಟಾದ್ರೆ? ಗೋವಾದ್ದಾದ್ರೆ?' ಸೂಜಿ ನಿಂತಿತು. ನನ್ನ ಮುಖ ನೋಡಿದರು. 'ನೀರಲ್ಲಿ ಇದ್ದವನ ಹತ್ರ ಊರು ಎಂತ ಕೇಳುವುದು ಮಾರಾಯ್ರೇ' ಎಂದು ಮತ್ತೆ ತಲೆ ತಗ್ಗಿಸಿದರು.

ಇದೇ ತಾಂಡೇಲರು ಮೀನಿನ ವಿಷಯ ಬಂದರೆ ಗೋವಾದವರನ್ನೂ ಕೇರಳದವರನ್ನೂ ಬೈಯುತ್ತಾರೆ. ಗಡಿಯ ಜಗಳ, ದೀಪ ಹಾಕಿ ಮೀನು ಸೆಳೆಯುವ ಲೈಟ್ ಫಿಶಿಂಗ್ ಜಗಳ, ಎಲ್ಲ ಇದ್ದದ್ದೇ. ಒಂದು ಬಲೆಯ ಬೆಲೆ ಎಷ್ಟು ಎಂದು ನಿಮಗೆ ಗೊತ್ತು, ಬೋಟಿನ ಸಾಲ ನೀವೇ ಎಷ್ಟೋ ಕೊಟ್ಟಿರುತ್ತೀರಿ. ಆ ಬಲೆಯನ್ನು ಕಡಿಯಲು ಅವರಿಗೆ ಯಾರ ಆಜ್ಞೆಯೂ ಬೇಕಾಗಲಿಲ್ಲ. ನೀವು ಅಂಜಲ್ ಬೂತಾಯಿಯ ಮಾತು ಹೇಳಿದಿರಿ. ಆದರೆ ಆ ಮೀನು ಹಿಡಿಯುವವರೇ ಮೀನಿನ ನ್ಯಾಯದಲ್ಲಿ ಬದುಕುತ್ತಿಲ್ಲ.

ದೇಶಗಳ ಮಟ್ಟಕ್ಕೂ ಇದು ಹೋಗಿದೆ. 1982ರ ಕಡಲ ಕಾನೂನು ಒಪ್ಪಂದದ 98ನೇ ವಿಧಿ ಇದನ್ನೇ ಹೇಳುತ್ತದೆ. ಕಡಲಲ್ಲಿ ಆಪತ್ತಿಗೆ ಸಿಕ್ಕಿದವರನ್ನು, ತನ್ನ ಹಡಗಿಗೆ ದೊಡ್ಡ ಅಪಾಯ ಇಲ್ಲದಿದ್ದರೆ, ಕಪ್ತಾನ ಕಾಪಾಡಲೇಬೇಕು. ಮೊದಲು ನಾವಿಕರ ರೂಢಿ ಇತ್ತು. ಕಾನೂನು ಆಮೇಲೆ ಬಂತು. ನೀತಿಯನ್ನು ಯಾರೋ ಮೇಲಿನಿಂದ ತಂದು ಹೇರಿದ್ದಲ್ಲ. ಇವತ್ತು ಅವನು, ನಾಳೆ ನಾನು ಎಂಬುದು ಗೊತ್ತಿದ್ದವರು ಮಾಡಿಕೊಂಡದ್ದು.

ನಿಮ್ಮ ವೃತ್ತಿಯಲ್ಲೇ ನೋಡಿ. ಮಂಗಳೂರಿನ ಗೇರುಬೀಜ ಕಾರ್ಖಾನೆಗಳಿಗೆ ಆಫ್ರಿಕಾದಿಂದ ಬೀಜ ಬರುತ್ತದೆ. ಮುಖ ನೋಡದ ಮಾರಾಟಗಾರ, ಹಣ ಕೊಡುತ್ತೇವೆ ಎಂದು ಮುಖ ನೋಡದ ಬ್ಯಾಂಕು ಬರೆದ ಒಂದು ಕಾಗದ ನಂಬಿ ಹಡಗು ತುಂಬಿಸುತ್ತಾನೆ. ಅದು ಲಾಭಕ್ಕೇ, ನಿಜ. ಆದರೆ ಕೊಟ್ಟ ಮಾತಿಗೆ ಬೆಲೆಯೇ ಇಲ್ಲದ ಲೋಕದಲ್ಲಿ ಆ ಲಾಭವೂ ಹುಟ್ಟುತ್ತಿರಲಿಲ್ಲ.

ದೊಡ್ಡ ದೇಶಗಳು ನೀತಿಯ ಮಾತಾಡಿ ಬೇಕಾದ್ದು ಮಾಡುತ್ತವೆ ಎಂದೂ ಬರೆದಿದ್ದೀರಿ. ಇದರಲ್ಲಿ ನಾನು ಪೂರ್ತಿ ನಿಮ್ಮ ಕಡೆ. 2003ರಲ್ಲಿ ಅಮೆರಿಕ ಇರಾಕ್ ಮೇಲೆ ದಂಡೆತ್ತಿ ಹೋಯಿತು. ಸಾಮೂಹಿಕ ನಾಶದ ಅಸ್ತ್ರಗಳಿವೆ ಎಂದು ವಿಶ್ವಸಂಸ್ಥೆಯಲ್ಲಿ ನಿಂತು ಹೇಳಿತು. ಆಮೇಲೆ ಹುಡುಕಿದರೆ ಅಂಥ ಅಸ್ತ್ರ ಸಿಗಲಿಲ್ಲ. ಎಷ್ಟು ಜೀವ ಹೋದವು! ಆದರೆ ನನ್ನನ್ನು ಕಾಡುವುದು ಬೇರೆ. ಅಷ್ಟು ಬಲ ಇದ್ದವರಿಗೆ ಸುಳ್ಳು ಯಾಕೆ ಬೇಕಾಯಿತು? ಅಂಜಲ್ ಯಾವತ್ತೂ ಬೂತಾಯಿಗೆ ಕಾರಣ ಹೇಳುವುದಿಲ್ಲ. ಜಗತ್ತು ಕಾರಣ ಕೇಳುತ್ತದೆ ಎಂಬ ಅಂಜಿಕೆ ಅವರಿಗಿತ್ತು. ಆ ಅಂಜಿಕೆ ಇರುವ ತನಕ ನಮ್ಮಂಥವರು ಬರೆಯುವುದು ಸುಮ್ನೆ ಅಲ್ಲ ಎಂದು ನನಗನಿಸುತ್ತದೆ.

ಇಟಲಿಯ ಹಡಗಿನ ಪ್ರಕರಣ ನೆನಪಿರಬೇಕು. 2012ರ ಫೆಬ್ರವರಿಯಲ್ಲಿ ಕೇರಳದ ಕಡಲಲ್ಲಿ ಆ ತೈಲ ಹಡಗಿನಲ್ಲಿದ್ದ ಇಟಲಿಯ ನೌಕಾ ಸೈನಿಕರ ಗುಂಡಿಗೆ ಇಬ್ಬರು ಮೀನುಗಾರರು ಸತ್ತರು. ಎರಡು ಸರ್ಕಾರಗಳು ವರ್ಷಗಟ್ಟಲೆ ಹಗ್ಗ ಜಗ್ಗಿದವು. 2020ರಲ್ಲಿ ಹೇಗ್‌ನ ನ್ಯಾಯಮಂಡಳಿ ಇಟಲಿ ಪರಿಹಾರ ಕೊಡಬೇಕೆಂದಿತು. 10 ಕೋಟಿ ರೂಪಾಯಿ ಬಂತು. ವಿಚಾರಣೆ ಮಾತ್ರ ನಮ್ಮ ನೆಲದಲ್ಲಿ ಆಗಲಿಲ್ಲ. ಇದನ್ನು ಪೂರ್ತಿ ನ್ಯಾಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆದರೂ ಒಂದು ಚಿಕ್ಕ ಬೋಟಿನವರ ಸಂಕಟ ಹೇಗ್ ತನಕ ಹೋಗಿ ಉತ್ತರ ತಂದಿತು. ನೀವು ಹೇಳುವ ಲೋಕದಲ್ಲಿ ಅದು ದಡಕ್ಕೂ ಬರುತ್ತಿರಲಿಲ್ಲ.

ಈಗ ಭಾರತದ ವಿಷಯ, ನಿಮಗೆ ಜಾಸ್ತಿ ಸಿಟ್ಟು ತರಿಸಿದ್ದು. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 141 ದೇಶಗಳು ರಷ್ಯಾದ ದಾಳಿಯನ್ನು ಖಂಡಿಸಿದವು. 5 ವಿರೋಧಿಸಿದವು. 35 ದೇಶಗಳು ಮತ ಹಾಕಲಿಲ್ಲ, ನಾವೂ ಅವುಗಳಲ್ಲಿ ಒಬ್ಬರು. ಉಕ್ರೇನಿಗೆ ಓದಲು ಹೋದ ನಮ್ಮ ಮಕ್ಕಳು ಆಗ ಅಲ್ಲಿನ ನೆಲಮಾಳಿಗೆಗಳಲ್ಲಿ ಕೂತಿದ್ದರು. ಆ ದಿನ ಮತ ಹಾಕದಿದ್ದದ್ದನ್ನು ನಾನು ತಪ್ಪು ಎನ್ನುವುದಿಲ್ಲ.

ತೈಲ ಕೊಂಡದ್ದಕ್ಕೂ ನನ್ನ ತಕರಾರು ಇಲ್ಲ. ನಮ್ಮದೇ ಜಿಲ್ಲೆಯ ಪಾದೂರಿನಲ್ಲಿ ನೆಲದಡಿ ಬಂಡೆ ಕೊರೆದು ಮಾಡಿದ ಗುಹೆಗಳಿಗೆ 25 ಲಕ್ಷ ಟನ್ ಕಚ್ಚಾತೈಲ ಹಿಡಿಸುತ್ತದೆ. ಮಂಗಳೂರಿನದಕ್ಕೆ 15 ಲಕ್ಷ ಟನ್. ಹೊರಗಿನಿಂದ ತೈಲ ನಿಂತರೆ ಏನು ಗತಿ ಎಂಬ ಭಯಕ್ಕೇ ಅವನ್ನು ಕೊರೆದದ್ದು. ಯುದ್ಧಕ್ಕೆ ಮೊದಲು ನಾವು ಕೊಳ್ಳುವ ತೈಲದಲ್ಲಿ ರಷ್ಯಾದ ಪಾಲು ಸುಮಾರು ಶೇ 2. ಎರಡು ವರ್ಷದೊಳಗೆ ಅದು ಮೂರನೇ ಒಂದು ಪಾಲಿನಷ್ಟಾಯಿತು. ಅಗ್ಗಕ್ಕೆ ಸಿಕ್ಕಿತು, ಕೊಂಡೆವು. ಬಡವರಿರುವ ದೇಶ ಅಗ್ಗದ ತೈಲ ಕೊಂಡರೆ ಅದರಲ್ಲಿ ನಾಚಿಕೆ ಪಡುವುದೇನೂ ಇಲ್ಲ.

ನನ್ನ ತಕರಾರು ಇಷ್ಟೇ. ಹೊಟ್ಟೆಪಾಡಿಗೆ ಮಾಡಿದ್ದನ್ನು ಹೊಟ್ಟೆಪಾಡು ಎಂದೇ ಹೇಳಬೇಕು. ಅದನ್ನು ಧರ್ಮ ಎಂದು ಕರೆಯಬಾರದು. ದಾಳಿಯನ್ನು ದಾಳಿ ಎನ್ನಲು ಹಿಂಜರಿಯಬಾರದು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಮರ್‌ಕಂದ್‌ನಲ್ಲಿ ನಮ್ಮ ಪ್ರಧಾನಿ ರಷ್ಯಾದ ಅಧ್ಯಕ್ಷರ ಎದುರೇ ಇದು ಯುದ್ಧದ ಕಾಲವಲ್ಲ ಎಂದರು. ಆ ಮಾತಿಗೆ ಜಗತ್ತು ಎಷ್ಟು ಕಿವಿಗೊಟ್ಟಿತು ನೋಡಿದಿರಿ. ತೈಲವೂ ನಿಲ್ಲಲಿಲ್ಲ, ಸ್ನೇಹವೂ ಮುರಿಯಲಿಲ್ಲ. ಅಂಥ ಮಾತು ಆರು ತಿಂಗಳು ಮೊದಲೇ ಬರಬೇಕಿತ್ತು ಎಂದು ನಾನು ಬರೆದೆ. ಈಗಲೂ ಅದನ್ನೇ ಬರೆಯುತ್ತೇನೆ.

ನೀತಿಗಾಗಿ ನಷ್ಟ ಮಾಡಿಕೊಂಡ ದೇಶ ಒಂದಾದರೂ ಇದೆಯೇ ಎಂದು ಕೇಳಿದ್ದೀರಿ. ಇದೆ, ನಮ್ಮದೇ. 1946ರಲ್ಲಿ, ಸ್ವಾತಂತ್ರ್ಯಕ್ಕೂ ಮೊದಲೇ, ಭಾರತ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ನಿಲ್ಲಿಸಿತು. ಹಾಗೆ ಮಾಡಿದ ಮೊದಲ ದೇಶ ನಾವು. ಅದೇ ವರ್ಷ ವಿಷಯವನ್ನು ವಿಶ್ವಸಂಸ್ಥೆಗೂ ಒಯ್ದೆವು. ಶುರುವಾದದ್ದು ಅಲ್ಲಿನ ಭಾರತೀಯರ ಮೇಲಿನ ಅನ್ಯಾಯಕ್ಕೆ, ನಿಜ. ಆಮೇಲೆ ಅದು ಅಲ್ಲಿನ ಕರಿಯರ ಹೋರಾಟಕ್ಕೂ ಬೆಂಬಲವಾಯಿತು. ಮತ್ತೆ ಸಂಬಂಧ ಕುದುರಿದ್ದು 1993ರಲ್ಲಿ, 47 ವರ್ಷದ ಮೇಲೆ. ಅಷ್ಟು ವರ್ಷ ಆ ನಷ್ಟವನ್ನು ಯಾವ ಸರ್ಕಾರವೂ ದುಬಾರಿ ಎನ್ನಲಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ.

1990ರ ಆಗಸ್ಟ್ 2ರಂದು ಇರಾಕ್ ಕುವೈತ್‌ಗೆ ನುಗ್ಗಿದಾಗ ನನ್ನ ಅಣ್ಣ ಅಲ್ಲಿದ್ದ. ನಮ್ಮ ಊರಿನಲ್ಲಿ ಮನೆಗೊಬ್ಬರು ಗಲ್ಫ್‌ನಲ್ಲಿದ್ದ ಕಾಲ ಅದು. ಫೋನಿಲ್ಲ, ಕಾಗದವಿಲ್ಲ. ಅಮ್ಮ ರೇಡಿಯೋ ಪಕ್ಕದಲ್ಲೇ ಮಲಗುತ್ತಿದ್ದರು. ವಿದೇಶಾಂಗ ಮಂತ್ರಿ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಹೋದರು. ಸದ್ದಾಂ ಹುಸೇನ್ ಅವರನ್ನು ಅಪ್ಪಿಕೊಂಡ ಫೋಟೋ ಎಲ್ಲ ಪತ್ರಿಕೆಗಳಲ್ಲಿ ಬಂತು. ಪುಟ್ಟ ದೇಶವನ್ನು ನುಂಗಿದವನ ಅಪ್ಪುಗೆ! ನನಗೆ ಆಗ ಕೋಪ ಬಂದಿತ್ತು. ಅಮ್ಮ ಆ ಪತ್ರಿಕೆ ಮಡಚಿ ದೇವರ ಕೋಣೆಯಲ್ಲಿಟ್ಟರು. ಏರ್ ಇಂಡಿಯಾದ ವಿಮಾನಗಳು ಸುಮಾರು ಎರಡು ತಿಂಗಳಲ್ಲಿ 488 ಸಲ ಹಾರಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಂದವು. ಅಣ್ಣನೂ ಬಂದ. ಆ ಅಪ್ಪುಗೆ ಸರಿ ಎಂದು ಅವನು ಇವತ್ತಿಗೂ ಹೇಳುತ್ತಾನೆ. ಅವನ ಎದುರು ಕೂತು ಅದು ತಪ್ಪು ಎನ್ನಲು ನನ್ನಿಂದ ಆಗಿಲ್ಲ.

ಆದರೆ ಅವನು ಜಾಸ್ತಿ ಹೇಳುವುದು ಬೇರೆಯದೇ ಕಥೆ. ಕುವೈತ್‌ನಿಂದ ಬಾಗ್ದಾದ್, ಅಲ್ಲಿಂದ ಬಸ್ಸಿನಲ್ಲಿ ಜೋರ್ಡಾನ್ ಗಡಿ. ಜೋರ್ಡಾನ್ ಶ್ರೀಮಂತ ದೇಶವಲ್ಲ, ತೈಲವಿಲ್ಲ, ಕುಡಿಯುವ ನೀರಿಗೇ ತತ್ವಾರ. ಆಗ ಅದರ ಜನಸಂಖ್ಯೆ 40 ಲಕ್ಷವೂ ಇರಲಿಲ್ಲ. ಅಂಥ ದೇಶ ನಮ್ಮವರು, ಈಜಿಪ್ಟಿನವರು, ಬಾಂಗ್ಲಾದವರು, ಶ್ರೀಲಂಕಾದವರು ಎಂದು ಲಕ್ಷಾಂತರ ಜನರನ್ನು ಒಳಗೆ ಬಿಟ್ಟುಕೊಂಡಿತು. ಮರುಭೂಮಿಯ ಡೇರೆಯಲ್ಲಿ ಅಣ್ಣ ಒಂಬತ್ತು ರಾತ್ರಿ ಕಳೆದ. ಹಗಲು ಸುಡುವ ಬಿಸಿಲು, ರಾತ್ರಿ ನಡುಗುವ ಚಳಿ. ಎರಡನೆಯ ರಾತ್ರಿ ಆ ಊರಿನ ಒಬ್ಬ ಮುದುಕ ಪಿಕಪ್‌ನಲ್ಲಿ ಬಂದು ರೊಟ್ಟಿ ಹಂಚಿದ. ಅಣ್ಣನಿಗೆ ಒಂದು ಕಂಬಳಿಯನ್ನೂ ಕೊಟ್ಟ. ಬೂದು ಬಣ್ಣದ್ದು, ಒಂದು ಮೂಲೆಯಲ್ಲಿ ಕೆಂಪು ದಾರದ ಹೊಲಿಗೆ. ನಮ್ಮ ಸರ್ಕಾರಕ್ಕೆ ನಮ್ಮವರನ್ನು ಕರೆತರುವುದು ಕರ್ತವ್ಯ. ಆ ದೇಶಕ್ಕೆ ನನ್ನ ಅಣ್ಣನಿಂದ ಏನು ಆಗಬೇಕಿತ್ತು? ಅವನ ಭಾಷೆ ಬೇರೆ, ಧರ್ಮ ಬೇರೆ, ಜೇಬಿನಲ್ಲಿ ಕಾಸಿಲ್ಲ.

ಹಾಗಾಗಿ ನನ್ನ ಉತ್ತರ: ಹೌದು, ನಮ್ಮ ಮನೆಯವರೇ ಸಿಕ್ಕಿಬಿದ್ದಿದ್ದರು, ಆದ್ದರಿಂದಲೇ ಹೀಗೆ ಬರೆಯುತ್ತೇನೆ. ದೇಶ ದೇಶಗಳ ನಡುವೆ ನೀತಿ ಇಲ್ಲ ಎಂದು ನಾನು ಬರೆದರೆ ಆ ಗಡಿಯನ್ನು ಅಣ್ಣನ ಮುಖಕ್ಕೇ ಮುಚ್ಚಿದಂತೆ.

ನಿಮ್ಮ ಪತ್ರವನ್ನು ಒಂದಕ್ಷರವೂ ಕತ್ತರಿಸದೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಉಡುಪಿಗೆ ಬಂದಾಗ ಕಚೇರಿಗೆ ಬನ್ನಿ. ಅಣ್ಣನ ಮನೆ ಕಲ್ಯಾಣಪುರದಲ್ಲಿ, ನಿಮಗೆ ದಾರಿಯಲ್ಲೇ ಸಿಗುತ್ತದೆ, ಒಟ್ಟಿಗೆ ಹೋಗೋಣ. ಗುಜ್ರಾಲ್ ವಿಷಯದಲ್ಲಿ ಅವನು ನಿಮ್ಮ ಪಕ್ಷವನ್ನೇ ಹಿಡಿಯುತ್ತಾನೆ. ಆಮೇಲೆ ಕಪಾಟಿನಿಂದ ಆ ಕಂಬಳಿ ತೆಗೆದು ತೋರಿಸುತ್ತಾನೆ.