ಗಿಡಕ್ಕೂ ಪ್ಲಾಂಟ್, ಕಾರ್ಖಾನೆಗೂ ಪ್ಲಾಂಟ್: ಎರಡೂ ಒಂದೇ ಪದವಾ?

ಗಿಡಕ್ಕೂ 'ಪ್ಲಾಂಟ್' ಅಂತಾರೆ, ಕಾರ್ಖಾನೆಗೂ 'ಪ್ಲಾಂಟ್' ಅಂತಾರೆ, ಇದು ಹೇಗೆ ಅಂತ ಕೇಳಿದ್ದೀರಿ. ಎರಡೂ ಒಂದೇ ಪದ. ಎರಡರಲ್ಲೂ ಇರುವುದು ನೆಡುವ ಕೆಲಸ.

ಪದ ಲ್ಯಾಟಿನ್‌ನಿಂದ ಬಂದದ್ದು. ಅಲ್ಲಿ 'ಪ್ಲಾಂಟಾ' ಅಂದರೆ ಚಿಗುರು, ನೆಡಲು ಕಡಿದುಕೊಂಡ ಕಡ್ಡಿ. ಅಂಗಾಲಿಗೂ ಅಲ್ಲಿ 'ಪ್ಲಾಂಟಾ' ಅಂತಲೇ ಹೆಸರು. ಸಸಿ ಇಟ್ಟು ಮಣ್ಣನ್ನು ಕಾಲಿನಿಂದ ತುಳಿಯುತ್ತಿದ್ದರು, ಹಾಗಾಗಿ ಇವೆರಡಕ್ಕೂ ನಂಟಿರಬಹುದು ಅಂತ ಪದಗಳ ಮೂಲ ಹುಡುಕುವವರ ಊಹೆ.

ನನಗಂತೂ ಈ ಊಹೆ ತುಂಬಾ ಹಿಡಿಸಿದೆ. ನಮ್ಮದು ಹೊಳಲ್ಕೆರೆ ಕಡೆ, ಅಡಿಕೆ ತೋಟಗಳ ಸೀಮೆ. ಗುಂಡಿಯಲ್ಲಿ ಸಸಿ ನಿಲ್ಲಿಸಿ, ಗೊಬ್ಬರ ಬೆರೆಸಿದ ಮೇಲ್ಮಣ್ಣು ಎಳೆದು, ಬುಡದ ಸುತ್ತ ಹಿಮ್ಮಡಿಯಿಂದ ಒತ್ತುತ್ತಾ ಬರುತ್ತೇವೆ. ಒತ್ತದೆ ಬಿಟ್ಟರೆ ಮಣ್ಣಿನೊಳಗೆ ಪೊಳ್ಳು ಉಳಿಯುತ್ತದೆ, ಬೇರು ಮಣ್ಣು ಹಿಡಿಯುವುದಿಲ್ಲ, ಗಾಳಿ ಬೀಸಿದರೆ ಸಸಿ ವಾಲುತ್ತದೆ. ಜಾಸ್ತಿ ತುಳಿದರೂ ಕಷ್ಟ, ಎಳೆ ಬೇರು ನಲುಗುತ್ತದೆ. ಎಷ್ಟು ಒತ್ತಬೇಕು ಅನ್ನುವುದು ಕಾಲಿಗೇ ಗೊತ್ತಾಗಬೇಕು.

ಅಂಗಾಲಿನ ಅರ್ಥ ಇಂಗ್ಲಿಷಿನಲ್ಲಿ ಈಗಲೂ ಇದೆ. ಹಿಮ್ಮಡಿ ನೋವು ಅಂತ ಹೋದರೆ ಡಾಕ್ಟರು ಚೀಟಿಯಲ್ಲಿ 'ಪ್ಲಾಂಟರ್ ಫೇಶಿಯೈಟಿಸ್' ಅಂತ ಬರೆಯುತ್ತಾರಲ್ಲ, ಅಲ್ಲಿರುವುದು ಇದೇ ಅಂಗಾಲು. 'ಸಪ್ಲಾಂಟ್' ಅಂದರೆ ಒಬ್ಬರನ್ನು ತಳ್ಳಿ ಅವರ ಜಾಗಕ್ಕೆ ಬರುವುದು. ಅದರ ಮೂಲ ಅರ್ಥ ಕಾಲು ಕೊಟ್ಟು ಬೀಳಿಸುವುದು!

ಇನ್ನು ಕಾರ್ಖಾನೆ. ಈ ಅರ್ಥ 18ನೇ ಶತಮಾನದ ಕೊನೆಯ ಹೊತ್ತಿಗೆ ಬಂತು. ಮೊದಲು ಅದು ಕಟ್ಟಡದ ಹೆಸರಲ್ಲ. ಒಂದು ಕಡೆ ಊರಿ ಕೂರಿಸಿದ ಯಂತ್ರಗಳಿಗೆ ಹಾಗನ್ನುತ್ತಿದ್ದರು, ಕಟ್ಟಡ ಆಮೇಲೆ ಸೇರಿಕೊಂಡಿತು. ನಮ್ಮ ಚಿತ್ರದುರ್ಗದ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಇರುವ ಊರುಗಳಲ್ಲಿ ಕುಡಿಯುವ ನೀರಿನ 'ಆರ್‌ಒ ಪ್ಲಾಂಟ್' ಇರುತ್ತದೆ. ನೀವು ನೋಡಿದರೆ ಅದು ಒಂದು ಚಿಕ್ಕ ಕೋಣೆ, ಒಳಗೆ ನೆಲಕ್ಕೆ ಬಿಗಿದ ಯಂತ್ರ. ಹಳೆಯ ಅರ್ಥಕ್ಕೆ ಸರಿಯಾಗಿಯೇ ಇದೆ.

ಕಳ್ಳ ಸಾಕ್ಷಿಯನ್ನು ಯಾರದೋ ಮನೆಯಲ್ಲಿ ಇಟ್ಟು ಬರುವುದಕ್ಕೂ 'ಪ್ಲಾಂಟ್' ಅಂತಾರೆ. ಅದೂ ಇದೇ ಪದ.

ಬಳಸುವಾಗ ಒಂದು ಗಮನಿಸಿ. ಬೀಜ ಬಿತ್ತುವುದಕ್ಕೆ ಇಂಗ್ಲಿಷಿನಲ್ಲಿ 'ಸೋ' ಅಂತ ಬೇರೆ ಪದವಿದೆ. ಆದರೆ ದಾವಣಗೆರೆ ಕಡೆಯ ಮೆಕ್ಕೆಜೋಳದ ಬಿತ್ತನೆ ಬಗ್ಗೆ ಬರೆಯುವಾಗ 'ಪ್ಲಾಂಟ್' ಅಂದರೂ ತಪ್ಪಲ್ಲ, ಅಮೆರಿಕದ ರೈತರು ಹಾಗೇ ಹೇಳುವುದು. ಭದ್ರಾ ನಾಲೆ ಬಯಲಿನ ಭತ್ತದ ನಾಟಿಗೆ ಮಾತ್ರ 'ಟ್ರಾನ್ಸ್‌ಪ್ಲಾಂಟ್' ಅಂತಲೇ ಬರೆಯಿರಿ. ಅಲ್ಲಿ ಸಸಿಮಡಿಯಿಂದ ಕಿತ್ತ ಪೈರು ಗದ್ದೆಗೆ ಬರುತ್ತದೆ, ಬೀಜವಲ್ಲ.