ಬಹಳ ವರ್ಷಗಳ ನಂತರ ಹುಟ್ಟೂರಿನಲ್ಲಿ ಆರಾಮವಾಗಿ ಸೈಕಲ್ ಸುತ್ತಬೇಕೆಂದಿದ್ದೇನೆ. ಗೇರ್ ಸೈಕಲ್ ಕೊಳ್ಳಲೇ, ಹಳೆಯದೇ ಸಾಕೇ?

ವಸಂತದಲ್ಲಿ ಒಂದು ವಾರ ಊರಿನಲ್ಲಿರುತ್ತೇನೆ, ಮನೆಯಲ್ಲಿ ಗೇರ್ ಇಲ್ಲದ ಹಳೆಯ ಸೈಕಲ್ ಒಂದಿದೆ, ದಿನಕ್ಕೆ ಎಷ್ಟು ಕಿಲೋಮೀಟರ್ ಗುರಿ ಇಟ್ಟುಕೊಳ್ಳಬೇಕು ಎಂದೂ ಕೇಳಿದ್ದೀರಿ. ಮೂರು ವರ್ಷಗಳ ಹಿಂದೆ ನಾನೂ ಇದೇ ಲೆಕ್ಕಾಚಾರದಲ್ಲಿ ನಮ್ಮ ಮನೆಯ ಹಿತ್ತಿಲಿನಲ್ಲಿ, ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಮುಂದೆ ನಿಂತಿದ್ದೆ. ಆ ವಾರ ಹಾಳಾಯಿತು, ಆದರೆ ಹಾಳಾದದ್ದಕ್ಕೂ ಗೇರಿಗೂ ಯಾವ ಸಂಬಂಧವೂ ಇರಲಿಲ್ಲ.

ಚಳಿ ಆಗತಾನೆ ಮುಗಿದಿತ್ತು. ಸೈಕಲ್ಲಿನ ಎರಡು ಟೈರುಗಳೂ ನೆಲಕ್ಕೆ ಅಂಟಿಕೊಂಡಿದ್ದವು. ಪಂಕ್ಚರ್ ಏನೂ ಆಗಿರಲಿಲ್ಲ. ರಬ್ಬರಿನ ಟ್ಯೂಬಿನ ಮೂಲಕವೇ ಗಾಳಿ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಸೋರಿ ಹೋಗಿರುತ್ತದೆ. ಟೈರಿನ ಪಕ್ಕದಲ್ಲೇ ಅಚ್ಚಾಗಿದ್ದ ಮಿತಿಯನ್ನು ಓದಿ ಅಷ್ಟು ಗಾಳಿ ಹೊಡೆದೆ, ಚೈನನ್ನು ಒರೆಸಿ ಎಣ್ಣೆ ಬಿಟ್ಟೆ, ಕಲ್ಲಿನಂತೆ ಗಟ್ಟಿಯಾಗಿದ್ದ ಬ್ರೇಕಿನ ರಬ್ಬರುಗಳನ್ನು ಬದಲಿಸಿದೆ. ಇಷ್ಟೆಲ್ಲ ಸರಿಯಾಗಿ ಮಾಡಿದವನು ಕೊನೆಯಲ್ಲಿ ಸ್ಪ್ಯಾನರ್ ಹಿಡಿದು ಸೀಟನ್ನು ಇಳಿಸಿದೆ.

ಆಗ ಅದು ನನಗೆ ಬಹಳ ಜಾಣತನದ ಕೆಲಸವಾಗಿ ಕಂಡಿತ್ತು. ನಾನೇನು ಪಂದ್ಯಕ್ಕೆ ಹೊರಟವನಲ್ಲ, ತಿರುವಿಗೊಮ್ಮೆ ನಿಲ್ಲುವವನು, ಪರಿಚಯದವರು ಸಿಕ್ಕರೆ ಸೀಟಿನ ಮೇಲೆ ಕುಳಿತೇ ಮಾತನಾಡುವವನು. ಹಾಗಾಗಿ ಎರಡೂ ಪಾದಗಳು ನೆಲಕ್ಕೆ ಪೂರ್ತಿ ಊರಬೇಕು ಎಂದುಕೊಂಡೆ. ಸೀಟಿನ ಕೆಳಗಿನ ಪೈಪಿನ ಮೇಲೆ ಉಂಗುರದಂತೆ ಒಂದು ತುಕ್ಕಿನ ಗೆರೆ ಇತ್ತು. ಅದರ ಮೇಲಿನ ಭಾಗ ಬಿಸಿಲಿಗೆ ಮಂಕಾಗಿತ್ತು, ಕೆಳಗೆ ಒಳಗೆ ಅಡಗಿದ್ದ ಭಾಗ ಇನ್ನೂ ಹೊಳೆಯುತ್ತಿತ್ತು. ಅದು ಹೈಸ್ಕೂಲಿಗೆ ಹೋಗುತ್ತಿದ್ದಾಗ ನನಗಾಗಿಯೇ ಇಟ್ಟಿದ್ದ ಎತ್ತರ. ಆ ಗೆರೆಯೂ ಒಳಗೆ ಮುಳುಗಿಹೋಗುವಂತೆ ಸೀಟನ್ನು ನಾಲ್ಕು ಬೆರಳು ಕೆಳಕ್ಕೆ ತಳ್ಳಿ ಬಿಗಿ ಮಾಡಿದೆ. ಎಂದರೆ, ಹದಿನಾಲ್ಕರ ಹುಡುಗನಾಗಿದ್ದಾಗ ಕೂರುತ್ತಿದ್ದುದಕ್ಕಿಂತಲೂ ತಗ್ಗಿನಲ್ಲಿ, ಈ ವಯಸ್ಸಿನ ಕಾಲುಗಳನ್ನಿಟ್ಟುಕೊಂಡು ಕುಳಿತೆ.

ಮೊದಲ ಬೆಳಗ್ಗೆ ಸೊಗಸಾಗಿತ್ತು. ಶಾಲೆಯ ಕಾಂಪೌಂಡಿನ ಗುಂಟ ಹೋಗುವಾಗ ಎಳೆಯ ಎಲೆಗಳ ನೆರಳು ರಸ್ತೆಯ ಮೇಲೆ ತೆಳ್ಳಗೆ ಬಿದ್ದಿತ್ತು. ಬಿಸಿಲು ಇನ್ನೂ ಸೋಸಿ ಬರುತ್ತಿದ್ದ ಹೊತ್ತು. ಎರಡನೆಯ ದಿನ ನೀರಿನ ಟ್ಯಾಂಕಿನ ಬಳಿಯ ಸಣ್ಣ ಏರಿನಲ್ಲಿ ಮಂಡಿಚಿಪ್ಪಿನ ಅಡಿಯಲ್ಲಿ ಸೂಜಿ ಆಡಿಸಿದಂತಾಯಿತು. ಅಭ್ಯಾಸ ತಪ್ಪಿದ ಮೈನೋವು ಎಂದುಕೊಂಡು ತುಳಿಯುತ್ತಲೇ ಹೋದೆ. ಮೂರನೆಯ ದಿನ ಮೆಟ್ಟಿಲು ಇಳಿಯುವುದಕ್ಕೆ ಗೋಡೆ ಹಿಡಿಯಬೇಕಾಯಿತು. ಉಳಿದ ನಾಲ್ಕು ದಿನ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು, ಎದುರಿನ ಮರ ಹೂವು ಉದುರಿಸುವುದನ್ನು ನೋಡುತ್ತ ಕಾಲ ಕಳೆದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಧಾನವಾಗಿ ಹೋಗುವವರೇ ಇದರಲ್ಲಿ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ. ಸೀಟು ತಗ್ಗಿನಲ್ಲಿದ್ದಾಗ ಪೆಡಲ್ ಮೇಲಕ್ಕೆ ಬಂದ ಕ್ಷಣದಲ್ಲಿ ಮಂಡಿ ವಿಪರೀತ ಮಡಚಿರುತ್ತದೆ, ಮತ್ತು ನಾವು ಬಲ ಹಾಕಿ ತುಳಿಯಲು ತೊಡಗುವುದು ಅಲ್ಲಿಂದಲೇ. ಮಂಡಿ ಹೆಚ್ಚು ಮಡಚಿದಷ್ಟೂ ಮಂಡಿಚಿಪ್ಪು ತೊಡೆಯ ಮೂಳೆಗೆ ಹೆಚ್ಚು ಒತ್ತಿಕೊಳ್ಳುತ್ತದೆ. ನಿಮಿಷಕ್ಕೆ 40 ಸುತ್ತಿನಂತೆ ಮೆಲ್ಲಗೆ ತುಳಿದರೂ ಒಂದು ಗಂಟೆಯಲ್ಲಿ ಒಂದೊಂದು ಮಂಡಿಯೂ 2,400 ಸಲ ಆ ಒತ್ತಡವನ್ನು ತಿನ್ನುತ್ತದೆ. ನಿಧಾನವಾಗಿ ಹೋಗುತ್ತಿದ್ದೇನೆಂಬ ಕಾರಣಕ್ಕೆ ಅದು ರಿಯಾಯಿತಿ ಕೊಡುವುದಿಲ್ಲ. ಏರಿನಲ್ಲಿ ಮೆಲ್ಲಗೆ ತುಳಿಯುವಾಗಲಂತೂ ಪ್ರತಿ ತುಳಿತಕ್ಕೂ ಬಲ ಹೆಚ್ಚೇ ಬೇಕಾಗುತ್ತದೆ. 1817ರಲ್ಲಿ ಕಾರ್ಲ್ ಡ್ರೈಸ್ ಎಂಬ ಜರ್ಮನ್ ಮನುಷ್ಯ ಓಡಿಸಿ ತೋರಿಸಿದ ಎರಡು ಚಕ್ರದ ಗಾಡಿಗೆ ಪೆಡಲ್ಲೇ ಇರಲಿಲ್ಲ, ನೆಲವನ್ನು ಕಾಲಿನಿಂದ ಒದ್ದುಕೊಂಡೇ ಮುಂದೆ ಸಾಗಬೇಕಿತ್ತು. ಪಾದಗಳು ನೆಲಕ್ಕೆ ತಾಗಲೇಬೇಕಾದ ಸವಾರಿ ಅದು. ನಾನು ಪೆಡಲ್ ಇರುವ ಸೈಕಲ್ಲಿಗೆ ಆ ಗಾಡಿಯ ಎತ್ತರವನ್ನು ಇಟ್ಟುಕೊಂಡಿದ್ದೆ.

ನೀವು ಹೀಗೆ ಮಾಡಿ. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಪೆಡಲನ್ನು ಎಲ್ಲಕ್ಕಿಂತ ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿಯನ್ನು ಇಡಿ. ಸೊಂಟ ಒಂದು ಕಡೆಗೆ ವಾಲದೆ ಕಾಲು ನೇರವಾಗಿ ನಿಂತರೆ ಎತ್ತರ ಸರಿಸುಮಾರು ಸರಿಯಾಗಿದೆ ಎಂದರ್ಥ. ತುಳಿಯುವಾಗ ಇಡುವುದು ಬೆರಳುಗಳ ಬುಡದ ಭಾಗವನ್ನು, ಆದ್ದರಿಂದ ಆಗ ಮಂಡಿ ತಾನಾಗಿಯೇ ತುಸು ಬಾಗಿರುತ್ತದೆ. ಕೆಳಗಿನ ತುದಿಯಲ್ಲಿ ಈ ಬಾಗು 25ರಿಂದ 35 ಡಿಗ್ರಿಯಷ್ಟಿದ್ದರೆ ಒಳ್ಳೆಯದೆಂದು ಸೈಕಲ್ ಹೊಂದಿಸುವವರು ಹೇಳುತ್ತಾರೆ. ತೀರಾ ಏರಿಸಿದರೂ ತಪ್ಪೇ: ಸೊಂಟ ಅತ್ತಿತ್ತ ತೂಗಾಡುತ್ತದೆ, ನೋವು ಮಂಡಿಯ ಹಿಂಭಾಗಕ್ಕೆ ಬರುತ್ತದೆ. ಈ ಎತ್ತರದಲ್ಲಿ ಕುಳಿತರೆ ಪಾದದ ತುದಿಯಷ್ಟೇ ನೆಲಕ್ಕೆ ಎಟುಕುತ್ತದೆ ಎಂದು ಗಾಬರಿಯಾಗುವುದು ಸಹಜ. ಉಪಾಯವೆಂದರೆ, ಸೀಟಿನ ಮೇಲೆ ಕುಳಿತೇ ನಿಲ್ಲುವ ಆಸೆಯನ್ನು ಬಿಟ್ಟುಬಿಡುವುದು. ಬ್ರೇಕ್ ಹಿಡಿದು, ಕೆಳಗಿರುವ ಪೆಡಲಿನ ಮೇಲೆ ಭಾರ ಹಾಕಿ, ಸೀಟಿನಿಂದ ಮುಂದಕ್ಕೆ ಜಾರಿ ಇನ್ನೊಂದು ಕಾಲನ್ನು ನೆಲಕ್ಕೆ ಊರಬೇಕು. ನಾನು ಇದನ್ನು ಖಾಲಿ ಮೈದಾನದಲ್ಲಿ ಹತ್ತು ನಿಮಿಷ ಅಭ್ಯಾಸ ಮಾಡಿದೆ, ಅಷ್ಟೇ ಸಾಕಾಯಿತು.

ಇನ್ನು ನಿಮ್ಮ ಮೂಲ ಪ್ರಶ್ನೆ. ಊರು ಪೂರ್ತಿ ದಿಬ್ಬ-ಇಳಿಜಾರುಗಳೇ ಆಗಿದ್ದರೆ ಗೇರಿನಿಂದ ಉಪಕಾರವಿದೆ, ಒಪ್ಪುತ್ತೇನೆ. ಉಳಿದಂತೆ, ಒಂದು ವಾರದ ಅಲೆದಾಟಕ್ಕೆ ಹೊಸ ಸೈಕಲ್ ಕೊಳ್ಳುವುದು ನನಗೆ ಅರ್ಥವಾಗದ ಮಾತು. ಗಂಟೆಗೆ 10-12 ಕಿ.ಮೀ. ವೇಗದಲ್ಲಿ ಗಾಳಿಯ ತಡೆ ಅಷ್ಟಾಗಿ ತಾಗುವುದಿಲ್ಲ (ವೇಗ ದುಪ್ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ, ಅದು ಬೇರೆ ವಿಷಯ), ಮತ್ತು ಕಡಿದಾದ ಏರು ಬಂದರೆ ಇಳಿದು ತಳ್ಳಿಕೊಂಡು ಹೋದರಾಯಿತು. ಊರಿನವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕಿದ್ದರೆ, ತಳ್ಳಿಕೊಂಡು ಹೋಗುವಾಗಲೇ ಅವರು ನಿಲ್ಲಿಸಿ ಮಾತನಾಡಿಸುವುದು.

ಕಿಲೋಮೀಟರ್ ಗುರಿಯ ಬಗ್ಗೆ ಕೇಳಿದ್ದನ್ನಂತೂ ನಾನು ಒಪ್ಪುವುದೇ ಇಲ್ಲ. ನಾನು ಮೊದಲ ದಿನ ಮೊಬೈಲಿನಲ್ಲಿ 15 ಎಂದು ನಮೂದಿಸಿಕೊಂಡು ಹೊರಟಿದ್ದೆ. ಮನೆಯ ಹತ್ತಿರ ಬಂದಾಗ ಅದು 14 ತೋರಿಸುತ್ತಿತ್ತು, ಆ ಒಂದು ಕಿಲೋಮೀಟರಿಗಾಗಿ ಆಟದ ಮೈದಾನವನ್ನು ಸುಮ್ಮನೆ ಸುತ್ತು ಹಾಕಿದೆ. ಅಲ್ಲಿ ನನ್ನ ಜೊತೆ ಓದಿದವನೊಬ್ಬ ಕೈ ಎತ್ತಿದ; ನಾನೂ ಕೈ ಎತ್ತಿ ಮುಂದೆ ಹೋದೆ. ನಿಲ್ಲಲು ಅನುಕೂಲವಾಗಲಿ ಎಂದು ಸೀಟು ಇಳಿಸಿಕೊಂಡಿದ್ದವನು ಮಾಡಿದ ಕೆಲಸ ಇದು. ಗುರಿ ಬೇಕೇ ಬೇಕೆಂದಿದ್ದರೆ, ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಅದು ಬೆನ್ನಿಗಿರಲಿ. ಮಂಡಿಯಲ್ಲಿ ನೋವು ಕಂಡರೆ ಅಂದಿಗೆ ನಿಲ್ಲಿಸಿ. ಎರಡು ದಿನ ಬಿಟ್ಟ ಮೇಲೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಮರುವರ್ಷ ಹಿಮ್ಮಡಿಯ ಅಳತೆ ಹಿಡಿದು ಏರಿಸಿದಾಗ ನನ್ನ ಸೀಟು ಆ ತುಕ್ಕಿನ ಗೆರೆಗಿಂತ ಎರಡು ಬೆರಳು ಮೇಲೆ ನಿಂತಿತು, ವಾರ ಪೂರ್ತಿ ಸುತ್ತಿದೆ. ನೀವು ಏರಿಸುವಾಗ ಪೈಪಿನ ಮೇಲೆ ಇನ್ನೊಂದು ಗುರುತನ್ನು ನೋಡಿಕೊಳ್ಳಿ: ಇದಕ್ಕಿಂತ ಹೆಚ್ಚು ಹೊರಗೆ ಎಳೆಯಬಾರದು ಎಂದು ಸೂಚಿಸುವ ಗೆರೆ ಅನೇಕ ಸೈಕಲ್ಲುಗಳಲ್ಲಿ ಕೆತ್ತಿರುತ್ತದೆ. ಅದು ಹೊರಗೆ ಕಾಣಿಸಿದರೆ ಆ ಎತ್ತರದಲ್ಲಿ ಓಡಿಸಬೇಡಿ, ಪೈಪು ಬಾಗಬಹುದು ಇಲ್ಲವೇ ಚೌಕಟ್ಟು ಬಿರುಕು ಬಿಡಬಹುದು. ಕೊಳ್ಳಲೇಬೇಕೆಂಬ ಮನಸ್ಸಿದ್ದರೆ ಅಷ್ಟೇ ದಪ್ಪದ, ಇನ್ನೂ ಉದ್ದದ ಪೈಪೊಂದನ್ನು ಕೊಳ್ಳಿ.