ಹೈ-ಲಿಫ್ಟ್ ಜಾಕ್ ಎಲ್ಲಿ ಫಿಟ್ ಮಾಡಬೇಕು? ಗಾಡಿಯ ಹೊರಗೆ ಎಲ್ಲೂ ಬೇಡ

ಥಾರ್‌ಗೆ 48 ಇಂಚಿನ ಹೈ-ಲಿಫ್ಟ್ ಜಾಕ್ ತಗೊಂಡಿದ್ದೀರಿ, ಅಂದರೆ ಹ್ಯಾಂಡಲ್ ಆಡಿಸಿ ಗಾಡಿ ಎತ್ತುವ ಉದ್ದ ಕಂಬಿಯ ಜಾಕ್. ಬಾನೆಟ್ ಪಕ್ಕಕ್ಕೋ, ರೂಫ್ ಕ್ಯಾರಿಯರ್‌ಗೋ, ಹಿಂದೆ ಸ್ಟೆಪ್ನಿ ಹತ್ತಿರವೋ ಎಂದು ಕೇಳಿದ್ದೀರಿ. ಮೂರೂ ಬೇಡ, ಒಳಗಿಡಿ. ನೀವು ಹೇಳಿದ ಮೂರನೇ ಜಾಗದಲ್ಲೇ ನಾನೂ ಇಟ್ಟಿದ್ದೆ. ಅದರಿಂದ ನಮ್ಮ ಭಾವನ ಕೈ ಮುರಿಯಿತು.

ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟ. ಗಾಡಿ ಹಳೇ ಹಾರ್ಡ್ ಟಾಪ್ ಜಿಪ್ಸಿ. ತೋಟಕ್ಕೆ ಈ ಜಾಕ್ ಬಹಳ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ಇಂಡಿಯಾನಾದ ಬ್ಲೂಮ್‌ಫೀಲ್ಡ್ ಊರಿನ ಕಂಪನಿ 1905ರಿಂದ ಇದನ್ನು ಮಾಡುತ್ತಿದೆ. ಅಲ್ಲೂ ರೈತರು ಬೇಲಿ ಕಂಬ ಕೀಳುವುದಕ್ಕೆ ಬಳಸುವ ಸಾಮಾನೇ ಇದು. ನಾವೂ ಹಳೇ ಬೇಲಿ ಕಂಬ, ಸಣ್ಣ ಬೊಡ್ಡೆ ಎಲ್ಲ ಇದರಲ್ಲೇ ಎಬ್ಬಿಸುತ್ತೇವೆ. ಹಾಗಾಗಿ ಯಾವಾಗಲೂ ಕೈಗೆ ಸಿಗುವಂತಿರಲಿ ಎಂದು ಹಿಂದಿನ ಕಬ್ಬಿಣದ ಬಂಪರಿಗೆ ಎರಡು ಬ್ರಾಕೆಟ್ ವೆಲ್ಡ್ ಮಾಡಿಸಿ, ಸ್ಟೆಪ್ನಿ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿದ್ದೆ. ಗಾಡಿಯೊಳಗೆ ಗೊಬ್ಬರದ ಮೂಟೆಗೆ ಜಾಗ ಉಳಿಯಿತು. ಬಿಚ್ಚುವುದೂ ಸುಲಭ. ಸರಿಯಾಗೇ ಮಾಡಿದ್ದೀನಿ ಅಂತ ಪೂರ್ತಿ ನಂಬಿದ್ದೆ.

ತಪ್ಪಾಗಿದ್ದು ಎಲ್ಲಿ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ನೀವು ಓದಬೇಕಾದ್ದು ಇದನ್ನೇ.

ಜಿಪ್ಸಿ, ಥಾರ್, ಜಿಮ್ನಿ ಎಲ್ಲ ಚೌಕಾಕಾರದ ಗಾಡಿಗಳು. ಓಡುವಾಗ ಇವುಗಳ ಹಿಂದೆ ಗಾಳಿ ಸುಳಿ ಸುತ್ತುತ್ತದೆ, ಚಕ್ರ ಎಬ್ಬಿಸಿದ ಧೂಳನ್ನು ಹಿಂಬಾಗಿಲಿಗೇ ಎಳೆದು ತರುತ್ತದೆ. ಮಣ್ಣಿನ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಹಿಂದಿನ ಗಾಜು ನೋಡಿ, ಗೊತ್ತಾಗುತ್ತದೆ. ಇಡೀ ಗಾಡಿಯಲ್ಲಿ ಅತಿ ಜಾಸ್ತಿ ಧೂಳು ಕೂರುವ ಜಾಗ ಅದು. ಮಳೆಗಾಲದಲ್ಲಿ ಧೂಳಿನ ಬದಲು ಕೆಂಪು ರಾಡಿ. ಜಾಕನ್ನು ನಾನು ನಿಲ್ಲಿಸಿದ್ದು ಸರಿಯಾಗಿ ಅಲ್ಲಿ.

ತುಕ್ಕು ಹಿಡಿಯಬಾರದು ಅಂತ ಅದಕ್ಕೆ ಗ್ರೀಸ್ ಬಳಿದೆ. ಚಾಸಿಗೆ ಹೊಡೆಯುವ ಅದೇ ದಪ್ಪ ಗ್ರೀಸು. ಗ್ರೀಸಿಗೆ ಮಣ್ಣು ಅಂಟಿತು. ಮಣ್ಣು ಕಂಡಾಗಲೆಲ್ಲ ಪ್ರೆಶರ್ ವಾಷರ್ ಹಿಡಿದು ತೊಳೆದೆ. ಆ ನೀರಿನ ರಭಸ ಹೊರಗಿನ ಮಣ್ಣನ್ನು ತೆಗೆಯುತ್ತದೆ, ಸಣ್ಣ ಮರಳನ್ನು ಮಾತ್ರ ಪಿನ್ನಿನ ಸಂದಿಗೆ ಇನ್ನೂ ಒಳಕ್ಕೆ ನೂಕುತ್ತದೆ. ಹೊರಗೆ ನೋಡಿದರೆ ಜಾಕ್ ಹೊಸದರ ಹಾಗೆ ಕಾಣುತ್ತಿತ್ತು.

ಈ ಜಾಕಿನ ಜೀವ ಇರುವುದು ಎರಡು ಸಣ್ಣ ಪಿನ್ನುಗಳಲ್ಲಿ. ನಿಲುವಿನ ಕಂಬಿಯುದ್ದಕ್ಕೂ ತೂತುಗಳಿವೆ. ಹ್ಯಾಂಡಲ್ ಒತ್ತಿದಾಗ ಒಂದು ಪಿನ್ ತೂತಿನಲ್ಲಿ ಕೂತು ಭಾರ ಹೊರುತ್ತದೆ, ಇನ್ನೊಂದು ಮುಂದಿನ ತೂತಿಗೆ ಹೋಗುತ್ತದೆ. ಹ್ಯಾಂಡಲ್ ಎತ್ತಿದಾಗ ಇದು ಹೊರುತ್ತದೆ, ಅದು ಸಾಗುತ್ತದೆ. ಪಿನ್ನನ್ನು ತೂತಿನೊಳಕ್ಕೆ ನೂಕುವುದು ಒಂದು ಚಿಕ್ಕ ಸ್ಪ್ರಿಂಗ್, ಅಷ್ಟೇ. ಅಷ್ಟು ದೊಡ್ಡ ಕಬ್ಬಿಣದಲ್ಲಿ ನಿಮ್ಮ ಗಾಡಿಯ ಭಾರ ಈ ಪಿನ್ನಿನಿಂದ ಆ ಪಿನ್ನಿಗೆ, ಆ ಪಿನ್ನಿನಿಂದ ಈ ಪಿನ್ನಿಗೆ ದಾಟುತ್ತಾ ಇರುತ್ತದೆ. ಸ್ಪ್ರಿಂಗಿನ ಬಲಕ್ಕಿಂತ ಮರಳಿನ ಹಿಡಿತ ಜಾಸ್ತಿಯಾದರೆ ಪಿನ್ ಅರ್ಧದಲ್ಲೇ ನಿಲ್ಲುತ್ತದೆ. ಎತ್ತುವಾಗ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಮತ್ತೊಂದು ಸಲ ಹ್ಯಾಂಡಲ್ ಆಡಿಸುತ್ತೀರಿ. ಇಳಿಸುವಾಗ ಗಾಡಿಯ ಭಾರವೇ ಹ್ಯಾಂಡಲನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಆಗ ಒಂದು ಪಿನ್ ಕೂರಲಿಲ್ಲ ಅಂದರೆ ಅಷ್ಟೂ ಭಾರ ಹ್ಯಾಂಡಲ್ ಹಿಡಿದವನ ಕೈಗೆ ಬರುತ್ತದೆ.

ಆಗಿದ್ದೂ ಹಾಗೇ. ಆಗಸ್ಟ್ ಮಳೆ. ತೋಟದೊಳಗಿನ ರಸ್ತೆಯಲ್ಲಿ ಹಿಂದಿನ ಎಡ ಚಕ್ರ ಚರಂಡಿಗೆ ಇಳಿದು ಗಾಡಿ ವಾಲಿತು. ಜಾಕ್ ಕೊಟ್ಟು ಎತ್ತಿದೆವು, ಸಲೀಸಾಗಿ ಎದ್ದಿತು. ಚಕ್ರದ ಕೆಳಗೆ ಕಲ್ಲು, ಸಿಲ್ವರ್ ಓಕ್ ತುಂಡು ತುಂಬಿದೆವು. ಇನ್ನು ಇಳಿಸಬೇಕು. ಹ್ಯಾಂಡಲ್ ಕಂಬಿಗೆ ಒರಗಿಸಿಯೇ ಲ್ಯಾಚ್ (ಎತ್ತುವುದೋ ಇಳಿಸುವುದೋ ಅಂತ ಬದಲಿಸುವ ಚಿಲಕ) ಕೆಳಗೆ ಮಾಡಿದೆವು, ಅದರಲ್ಲಿ ತಪ್ಪಿರಲಿಲ್ಲ. "ಭಾವ, ಗಟ್ಟಿಯಾಗಿ ಹಿಡ್ಕೊಳ್ಳಿ" ಅಂದೆ. ಅವರು ಗಟ್ಟಿಯಾಗೇ ಹಿಡಿದಿದ್ದರು. ಮೊದಲು ಸರಿಯಾಗಿ ಇಳಿಯಿತು. ಆಮೇಲೆ ಒಮ್ಮೆಲೇ ಹ್ಯಾಂಡಲ್ ಅವರ ಕೈಯಿಂದ ಕಿತ್ತುಕೊಂಡು ಮೇಲೆ ಹಾರಿ ಮುಂಗೈಗೆ ಬಡಿಯಿತು. ಗಾಡಿ ದಡಕ್ಕನೆ ಕಲ್ಲಿನ ಮೇಲೆ ಕೂತಿತು. ಯಾರೂ ಕೆಳಗೆ ಕೈ ಇಟ್ಟಿರಲಿಲ್ಲ ಅನ್ನುವುದೇ ಪುಣ್ಯ. ಪಕ್ಕದ ತೋಟದವರ ಪಿಕಪ್‌ನಲ್ಲಿ ಅವರನ್ನು ಹಾಸನಕ್ಕೆ ಕರೆದುಕೊಂಡು ಹೋದೆವು. ಮೂಳೆಗೆ ಪ್ಲೇಟ್ ಹಾಕಿದರು. ಕಾಫಿ ಕೊಯ್ಲಿನ ಹೊತ್ತಿಗೂ ಆ ಕೈಗೆ ಪೂರ್ತಿ ಬಲ ಬಂದಿರಲಿಲ್ಲ.

ಆಮೇಲೆ ಮನೆಯಲ್ಲಿ ಜಾಕ್ ಬಿಚ್ಚಿದೆ. ಸ್ಪ್ರಿಂಗ್ ಚೆನ್ನಾಗಿತ್ತು. ಪಿನ್ ಸವೆದಿರಲಿಲ್ಲ. ಪಿನ್ ಓಡಾಡುವ ಸಂದಿಯ ತುಂಬ ಗ್ರೀಸು, ಕೆಂಪು ಮಣ್ಣು ಸೇರಿ ಮೆತ್ತಿಕೊಂಡಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ ಬ್ರಷ್ಷಿನಿಂದ ಉಜ್ಜಿ, ತೆಳು ಎಣ್ಣೆ ಬಿಟ್ಟೆ. ಪಿನ್ ಮತ್ತೆ ಟಕ್ ಅಂತ ಕೂರತೊಡಗಿತು. ಈ ಜಾಕ್ ಎರಡು ಟನ್ನಿಗೂ ಸ್ವಲ್ಪ ಹೆಚ್ಚು ಭಾರಕ್ಕೆ ಅಂತ ಮಾಡಿದ್ದು. ಜಿಪ್ಸಿ ಪೂರ್ತಿ ಸೇರಿ ಒಂದು ಟನ್ ಆಸುಪಾಸು. ಶಕ್ತಿ ಸಾಲದೆ ಆದದ್ದಲ್ಲ. ಜಾಕ್ ಇಟ್ಟ ಜಾಗ ಕೆಟ್ಟದ್ದು.

ಅದಕ್ಕೇ ಹೇಳುತ್ತೇನೆ, ಎಲ್ಲಿಟ್ಟರೆ ಚೆನ್ನಾಗಿ ಕಾಣುತ್ತದೆ, ಎಲ್ಲಿಟ್ಟರೆ ಬೇಗ ಸಿಗುತ್ತದೆ ಅನ್ನುವುದೆಲ್ಲ ಆಮೇಲೆ. ಆ ಎರಡು ಪಿನ್ ಎಲ್ಲಿ ಶುದ್ಧವಾಗಿರುತ್ತವೆ ಅಂತ ಮೊದಲು ಕೇಳಿಕೊಳ್ಳಿ. ಬಾನೆಟ್ ಪಕ್ಕ ಇಟ್ಟರೆ ಎದುರಿನ ರಾಡಿಯೆಲ್ಲ ಅದಕ್ಕೇ. ಜೊತೆಗೆ ಒಂದು ಮೂಲೆ ಕಣ್ಣಿಗೆ ಮರೆಯಾಗುತ್ತದೆ. ಬಿಸಿಲೆ ಘಾಟಿಯಂಥ ರಸ್ತೆಯಲ್ಲಿ ತಿರುವಿನ ಅಂಚು ಕಾಣದಿದ್ದರೆ ಹೇಗೆ? ಯಾರಿಗಾದರೂ ತಾಗಿದರೆ ಆ ಕಬ್ಬಿಣ ಮಾಡುವ ಗಾಯವನ್ನೂ ಯೋಚಿಸಿ. ಮುಂದಿನ ಬಂಪರಿಗೆ ಬುಲ್ ಬಾರ್ (ಕಬ್ಬಿಣದ ಪೈಪಿನ ಗಾರ್ಡ್) ಹಾಕಿ ಅದಕ್ಕೆ ಕಟ್ಟುತ್ತೇನೆ ಅನ್ನುವವರಿದ್ದಾರೆ. ಬುಲ್ ಬಾರ್ ಹಾಕುವುದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ, ಅಂಥವರ ಮೇಲೆ ಕ್ರಮ ತಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಎಲ್ಲ ರಾಜ್ಯಗಳಿಗೂ ಬರೆದಿದೆ. ಆ ಜಾಗವನ್ನು ಮರೆತುಬಿಡಿ.

ರೂಫ್ ಮೇಲೆ ಧೂಳು ಕಡಿಮೆ, ಒಪ್ಪುತ್ತೇನೆ. ಆದರೆ 48 ಇಂಚಿನ ಜಾಕ್ ಹದಿಮೂರು ಕೆ.ಜಿ. ಹತ್ತಿರ ತೂಗುತ್ತದೆ. ಗಾಡಿ ಒಂದು ಕಡೆ ವಾಲಿ ನಿಂತಿದೆ, ಕಾಲಡಿ ಜಾರುತ್ತಿದೆ, ಮಳೆ ಸುರಿಯುತ್ತಿದೆ. ಆಗ ತಲೆಯ ಮೇಲಿಂದ ಅದನ್ನು ಇಳಿಸಿಕೊಳ್ಳುವುದು ಅಪಾಯದ ಕೆಲಸ. ಓರೆಯಾದ ದಾರಿಯಲ್ಲಿ ಅಷ್ಟು ಎತ್ತರದಲ್ಲಿ ಭಾರ ಸೇರಿಸುವುದೂ ಒಳ್ಳೆಯದಲ್ಲ. ಇನ್ನು ಹಿಂಬಾಗಿಲಲ್ಲಿ ಈಗಾಗಲೇ ಸ್ಟೆಪ್ನಿ ತೂಗುತ್ತಿದೆ. ಜಾಕನ್ನೂ ಅದರ ಮೇಲೆ ಹಾಕಿದರೆ ಕೀಲು ಜಗ್ಗುತ್ತದೆ, ಬಾಗಿಲು ಸರಿಯಾಗಿ ಕೂರುವುದಿಲ್ಲ. ಕವರ್ ಹಾಕಿದರೆ ಸಾಕಲ್ವಾ ಅನ್ನಬಹುದು. ಮಲೆನಾಡಿನ ಮಳೆಯಲ್ಲಿ ಕವರಿನೊಳಗೆ ತೇವ ನಿಂತು ತುಕ್ಕು ಹಿಡಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದು ಇನ್ನೂ ಕೆಟ್ಟದ್ದು.

ಈಗ ನನ್ನ ಜಾಕ್ ಮುಂದಿನ ಸೀಟುಗಳ ಹಿಂದೆ, ನೆಲಕ್ಕೆ ಅಂಟಿಕೊಂಡು, ಅಡ್ಡಲಾಗಿ ಮಲಗಿದೆ. ಈ ಜಾಗ ಆರಿಸಿದ್ದಕ್ಕೆ ಕಾರಣ ಇದೆ. ಹಿಂಭಾಗ ದಿಬ್ಬಕ್ಕೆ ಒತ್ತಿಕೊಂಡು ನಿಂತರೆ ಹಿಂಬಾಗಿಲು ತೆಗೆಯಲು ಬರುವುದಿಲ್ಲ. ಒಂದು ಪಕ್ಕ ಚರಂಡಿಗೆ ಇಳಿದರೆ ಆ ಪಕ್ಕದ ಬಾಗಿಲೂ ಹೋಯಿತು. ಸೀಟಿನ ಹಿಂದೆ ಇದ್ದರೆ ಎಡಬಲ ಯಾವ ಬಾಗಿಲಿಂದಲಾದರೂ ಸೀಟು ಬಗ್ಗಿಸಿ ಎಳೆದುಕೊಳ್ಳಬಹುದು. ಭಾರವೂ ಗಾಡಿಯ ನಡುವೆ, ತಗ್ಗಿನಲ್ಲಿ. ನಿಮ್ಮ ಥಾರ್‌ನಲ್ಲಿ ಹಿಂದಿನ ಸೀಟು ಬಳಸುತ್ತೀರಿ ಅಂದರೆ ಅದರ ಬೆನ್ನ ಹಿಂದೆ ಅಡ್ಡಲಾಗಿ ಇಡಬೇಕಾಗುತ್ತದೆ. ಮೊದಲು ಟೇಪ್ ಹಿಡಿದು ಅಳೆಯಿರಿ. 48 ಇಂಚು ಅಂದರೆ 122 ಸೆಂ.ಮೀ. ವೀಲ್ ಆರ್ಚುಗಳ ನಡುವೆ ಹಿಡಿಸದಿದ್ದರೆ ಅವುಗಳ ಮೇಲಿನ ಮಟ್ಟದಲ್ಲಿ ನೋಡಿ. ಅಲ್ಲೂ ಆಗದಿದ್ದರೆ 42 ಮತ್ತು 36 ಇಂಚಿನ ಜಾಕ್‌ಗಳೂ ಇವೆ. ಬದಲಾಯಿಸಿಕೊಳ್ಳಲು ಸಾಧ್ಯವಾದರೆ ಬದಲಾಯಿಸಿ.

ಒಳಗಿಡುವುದಕ್ಕೆ ಒಂದೇ ಒಂದು ಷರತ್ತು, ಬೋಲ್ಟ್ ಹಾಕಿಯೇ ಇಡಬೇಕು. ಸುಮ್ನೆ ಸೀಟಿನ ಕೆಳಗೆ ತುರುಕಬೇಡಿ, ಎಲಾಸ್ಟಿಕ್ ಹಗ್ಗ ನಂಬಬೇಡಿ. ಲೆಕ್ಕ ಹಾಕಿ ನೋಡಿ. 60 ಕಿ.ಮೀ. ವೇಗದಲ್ಲಿ ಗಾಡಿ ಯಾವುದಕ್ಕೋ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಹದಿಮೂರು ಕೆ.ಜಿ. ಜಾಕ್ ಮುಂದಕ್ಕೆ ಒತ್ತುವ ಬಲ 220 ಕೆ.ಜಿ. ತೂಕದಷ್ಟಾಗುತ್ತದೆ. ನಿಮ್ಮ ಬೆನ್ನಿಗೆ, ಮಕ್ಕಳ ತಲೆಗೆ ಬರುವ ಬಲ ಅದು. ಎರಡು ಕಡೆ ಗಟ್ಟಿ ಕ್ಲಾಂಪ್, 10 ಎಂ.ಎಂ. ಬೋಲ್ಟ್, ನೆಲದ ತಗಡಿನ ಕೆಳಗೆ ಅಂಗೈಯಗಲದ ದಪ್ಪ ಪ್ಲೇಟ್. ಪ್ಲೇಟ್ ಇಲ್ಲದಿದ್ದರೆ ಬೋಲ್ಟ್ ಉಳಿದು ತಗಡು ಹರಿದು ಬರುತ್ತದೆ. ಡ್ರಿಲ್ ಹಿಡಿಯುವ ಮುಂಚೆ ಕೆಳಗೆ ಮಲಗಿ ಬ್ರೇಕ್ ಪೈಪು, ಇಂಧನದ ಪೈಪು, ಟ್ಯಾಂಕು, ವೈರು ಎಲ್ಲಿವೆ ಅಂತ ಕಣ್ಣಾರೆ ನೋಡಿ. ಸೀಟ್ ಬೆಲ್ಟಿನ ಬೋಲ್ಟಿಗೆ ಜೋಡಿಸಬೇಡಿ, ಅದನ್ನು ಅದರ ಕೆಲಸಕ್ಕೇ ಬಿಡಿ.

ನೀವು ಕೇಳದೇ ಇರುವ ಇನ್ನೊಂದು ವಿಷಯ ಇದೆ, ಅದು ಇದಕ್ಕಿಂತ ಮುಖ್ಯ. ನಿಮ್ಮ ಥಾರ್‌ಗೆ ಈ ಜಾಕ್ ಎಲ್ಲಿ ಕೊಡುತ್ತೀರಿ? ಕಂಪನಿಯ ಪ್ಲಾಸ್ಟಿಕ್ ಬಂಪರ್ ಅದನ್ನು ತಡೆಯುವುದಿಲ್ಲ, ಒಡೆದುಹೋಗುತ್ತದೆ. ಬಾಗಿಲ ಕೆಳಗಿನ ತಗಡಿಗೆ ಕೊಟ್ಟರೆ ತಗಡು ಬಗ್ಗುತ್ತದೆ. ಚಾಸಿಗೆ ಬೋಲ್ಟ್ ಮಾಡಿದ ಗಟ್ಟಿ ರಾಕ್ ಸ್ಲೈಡರ್ (ಬಾಗಿಲ ಕೆಳಗೆ ಉದ್ದಕ್ಕೂ ಹಾಕುವ ಕಬ್ಬಿಣದ ಪೈಪು) ಬೇಕು, ಇಲ್ಲವೇ ರಿಮ್ಮಿಗೆ ಕೊಕ್ಕೆ ಸಿಕ್ಕಿಸಿ ಚಕ್ರವನ್ನೇ ಎತ್ತುವ ಅಟ್ಯಾಚ್‌ಮೆಂಟ್ ಬೇಕು. ಎರಡೂ ಇಲ್ಲದಿದ್ದರೆ ಸದ್ಯಕ್ಕೆ ಆ ಜಾಕನ್ನು ಮನೆಯಲ್ಲೇ ಬಿಡಿ. ಒಂದು ಬಾಟಲ್ ಜಾಕ್, ಒಂದು ಸಲಿಕೆ, ಎರಡು ಹಲಗೆ ತಗೊಂಡು ಹೋಗಿ. ನಮ್ಮ ಕಡೆ ಗಾಡಿ ಹೂತುಕೊಂಡರೆ ಮುಕ್ಕಾಲು ಕೆಲಸ ಸಲಿಕೆಯಲ್ಲೇ ಮುಗಿಯುತ್ತದೆ.

ಹಲಗೆ ಹೈ-ಲಿಫ್ಟ್‌ಗೂ ಬೇಕೇ ಬೇಕು. ಅದರ ಬುಡದ ತಟ್ಟೆ 28 ಚದರ ಇಂಚು ಅಷ್ಟೇ. ಒಂದಡಿ ಚೌಕದ ಹಲಗೆ ಹಾಕಿದರೆ 144 ಚದರ ಇಂಚು, ಐದು ಪಟ್ಟು ಅಗಲ. ಇಲ್ಲದಿದ್ದರೆ ಗಾಡಿ ಮೇಲೇಳುವುದಿಲ್ಲ, ಜಾಕ್ ಕೆಸರಿಗೆ ಇಳಿಯುತ್ತದೆ. ದಪ್ಪ ಮರದ ಹಲಗೆಯನ್ನು ಜಾಕ್ ಪಕ್ಕದಲ್ಲೇ ಕಟ್ಟಿಡಿ.

ಕೆಸರಾದ ಜಾಕನ್ನು ವಾಪಸ್ ತರುವಾಗ ಗೋಣಿಚೀಲದಲ್ಲಿ ಸುತ್ತಿ. ಗೊಬ್ಬರದ ಚೀಲ ಬೇಡ, ಉಳಿದ ಪೊಟ್ಯಾಷ್ ಕಬ್ಬಿಣವನ್ನು ತಿನ್ನುತ್ತದೆ. ಮನೆಗೆ ಬಂದ ಕೂಡಲೇ ಚೀಲದಿಂದ ತೆಗೆದು, ಪೈಪಿನ ಸಾದಾ ನೀರಲ್ಲಿ ತೊಳೆದು, ಒಣಗಿಸಿ, ಪಿನ್ನಿಗೆ ತೆಳು ಎಣ್ಣೆ ಬಿಡಿ. ಪ್ರತಿ ಸಲ ಗಾಡಿಗೆ ಕೊಡುವ ಮುಂಚೆ ಖಾಲಿ ಜಾಕನ್ನು ನಾಲ್ಕಾರು ತೂತು ಹತ್ತಿಸಿ. ಎರಡೂ ಪಿನ್ನಿನ ಟಕ್ ಶಬ್ದ ಬೇರೆ ಬೇರೆಯಾಗಿ ಕೇಳಬೇಕು. ಒಂದು ಮಂಕಾಗಿ ಕೇಳಿದರೂ ಬಳಸಬೇಡಿ. ಇಳಿಸುವುದನ್ನು ಖಾಲಿ ಜಾಕ್‌ನಲ್ಲಿ ಪರೀಕ್ಷಿಸಲು ಆಗುವುದಿಲ್ಲ. ಸುಮಾರು 68 ಕೆ.ಜಿ.ಗಿಂತ ಕಡಿಮೆ ಭಾರವಿದ್ದರೆ ಅದು ಒಂದೊಂದೇ ತೂತು ಇಳಿಯದೆ ಸರ್ರನೆ ಬುಡಕ್ಕೆ ಬೀಳುತ್ತದೆ. ಬೆರಳು ದೂರ ಇಡಿ.

ಕ್ಲಾಂಪಿಗೆ ಸ್ಪ್ಯಾನರ್ ಬೇಡುವ ನಟ್ಟು ಹಾಕಿಸಬೇಡಿ. ಒದ್ದೆ ಕೈಯಲ್ಲಿ, ಕತ್ತಲಲ್ಲಿ ತಿರುಗಿಸಬಹುದಾದ ದೊಡ್ಡ ರೆಕ್ಕೆಯ ನಟ್ಟು ಇರಲಿ. ಅದು ತಾನಾಗಿ ಸಡಿಲವಾಗದಂತೆ ಕೆಳಗೆ ಸ್ಪ್ರಿಂಗ್ ವಾಷರ್ ಹಾಕಿಸಿ. ಹ್ಯಾಂಡಲ್ ಗಡಗಡ ಅನ್ನದಿರಲು ಹಳೇ ಟ್ಯೂಬಿನ ಒಂದು ತುಂಡನ್ನು ಕಂಬಿಗೆ ಸೇರಿಸಿ ಹಾಕಿದರೆ ಸಾಕು.